ಗೋಸುಂಬೆ ಒಂದು, ಜಿರಳೆ ಸಾವಿರ: ಮನೆಯಲ್ಲಿ ಮೇವಿನ ಹುಳು ಸಾಕಿದ ಒಂದು ಪ್ರಕರಣ

ಇದು ಅಮೆರಿಕದ ಷಿಕಾಗೊ ಹೊರವಲಯದಲ್ಲಿರುವ ಒಂದು ಕನ್ನಡ ಕುಟುಂಬದ ಪ್ರಕರಣ. ಸಾಕಿದ ಗೋಸುಂಬೆಗೆ ಮೇವಾಗಲಿ ಅಂತ ಅವರು ಮನೆಯಲ್ಲೇ ಜಿರಳೆ ಬೆಳೆಸಲು ಹೊರಟರು. ನನ್ನ ಮನೆಯಲ್ಲೂ ಗೋಸುಂಬೆ ಇದೆ, ಮೇವಿನ ಹುಳು ಸಾಕಿ ಅಭ್ಯಾಸ ಇದೆ. ಹಾಗಾಗಿ ಅವರು ನನ್ನನ್ನು ಕರೆದರು, ಕೊನೆಯವರೆಗೂ ನಾನು ಜೊತೆಗಿದ್ದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹೇಳಿಲ್ಲ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಮೇವಿನ ಜಿರಳೆ ಬಗ್ಗೆ ಯಾರನ್ನು ಕೇಳಿದರೂ ಹುಳು ಬೇಗ ಹೆಚ್ಚಿಸೋದು ಹೇಗೆ ಅಂತಲೇ ಹೇಳಿಕೊಡುತ್ತಾರೆ. ಈ ಮನೆಯಲ್ಲಿ ಮೊದಮೊದಲು ಹುಳು ಹೆಚ್ಚಲೇ ಇಲ್ಲ, ಅದು ನಿಜ. ಆದರೆ ದೊಡ್ಡ ತೊಂದರೆಗಳೆಲ್ಲ ಬಂದದ್ದು ಹೆಚ್ಚಿದ ಮೇಲೆ. ಅದಕ್ಕೇ ಈ ಪ್ರಕರಣ ಬರೆದಿಡಬೇಕು ಅನ್ನಿಸಿತು.

ಕರ್ನಾಟಕದಲ್ಲಿ ಕೂತು ಓದುವವರಿಗೆ ಮೊದಲೇ ಒಂದು ಮಾತು. ನಮ್ಮ ಬೇಲಿಯಲ್ಲಿ, ಹೊಲದ ಬದಿಯ ಮರಗಳಲ್ಲಿ ಕಾಣುವ ಗೋಸುಂಬೆ ಕಾಡುಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಹಿಡಿದು ಸಾಕುವುದು ಅಪರಾಧ. ಈ ಪ್ರಕರಣದಲ್ಲಿರುವುದು ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ವೇಲ್ಡ್ ಗೋಸುಂಬೆ, ಅಮೆರಿಕದಲ್ಲೇ ಸಾಕಣೆಯಲ್ಲಿ ಹುಟ್ಟಿದ್ದು. ಅಂಥ ಹೊರದೇಶದ ಪ್ರಾಣಿಯನ್ನು ಭಾರತದಲ್ಲಿ ಇಟ್ಟುಕೊಂಡರೂ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು.

ಹಿನ್ನೆಲೆ

ಮನೆಯಲ್ಲಿ ಅಪ್ಪ, ಅಮ್ಮ, 14 ವರ್ಷದ ಮಗ. ಮಗನಿಗೆ ಸರೀಸೃಪ ಅಂದ್ರೆ ಪ್ರಾಣ. ಒಂದು ಜನವರಿಯಲ್ಲಿ ನಾಲ್ಕು ತಿಂಗಳ ಹೆಣ್ಣು ವೇಲ್ಡ್ ಗೋಸುಂಬೆ ಮನೆಗೆ ಬಂತು. ಜಾಲರಿ ಗೂಡು, ಬಿಸಿಲಿನಂತೆ ಅತಿನೇರಳೆ ಕಿರಣ ಕೊಡುವ ಯುವಿಬಿ ದೀಪ, ಎಲೆಗಳ ಮೇಲೆ ಮಂಜು ಸಿಂಪಡಿಸುವ ಯಂತ್ರ, ಎಲ್ಲವನ್ನೂ ಹುಡುಗ ಓದಿಕೊಂಡು ಸರಿಯಾಗೇ ಜೋಡಿಸಿದ್ದ.

ಮೇವಿಗೆ ಅಂಗಡಿಯಿಂದ ಕ್ರಿಕೆಟ್ ಹುಳು ತರುತ್ತಿದ್ದರು. ರಾತ್ರಿಯೆಲ್ಲ ಕಿರ್ ಕಿರ್ ಅನ್ನುತ್ತಲ್ಲ, ಅದೇ ಹುಳು. ಡಬ್ಬದಲ್ಲಿ ಒಂದು ವಾರ ಇಡುವಷ್ಟರಲ್ಲಿ ಎಷ್ಟೋ ಸತ್ತು ನಾರುತ್ತಿದ್ದವು. ತಪ್ಪಿಸಿಕೊಂಡವು ಸೋಫಾ ಕೆಳಗೆ ಸೇರಿ ಹಾಡುತ್ತಿದ್ದವು. ಉಳಿದವನ್ನು ರಾತ್ರಿ ಗೂಡಲ್ಲೇ ಬಿಟ್ಟರೆ ಮಲಗಿದ ಗೋಸುಂಬೆಯನ್ನೇ ಕಚ್ಚುವ ಭಯ. ಪ್ರತಿ ಶನಿವಾರ ಅಂಗಡಿಗೆ ಓಡಬೇಕು. ಅಮ್ಮನಿಗೆ ಸಾಕಾಗಿಹೋಗಿತ್ತು.

ಹುಡುಗ ಡ್ಯೂಬಿಯಾ ಜಿರಳೆಯ ಮಾತು ತೆಗೆದ. ಆಯ್ಕೆ ಚೆನ್ನಾಗಿಯೇ ಇತ್ತು. ದಕ್ಷಿಣ ಅಮೆರಿಕದ ಈ ಜಿರಳೆ ನುಣುಪಾದ ಪ್ಲಾಸ್ಟಿಕ್ ಗೋಡೆ ಹತ್ತಲಾರದು. ಗಂಡಿಗೆ ರೆಕ್ಕೆ ಇದ್ದರೂ ಹಾರೋದು ತೀರಾ ಕಡಿಮೆ. ಹೆಣ್ಣಿಗೆ ರೆಕ್ಕೆಯ ಮೊಟಕು ಗುರುತು ಅಷ್ಟೇ. ಸದ್ದಿಲ್ಲ. ಬೆಚ್ಚಗಿಲ್ಲದಿದ್ದರೆ ಮರಿ ಹಾಕೋದಿಲ್ಲ, ಹಾಗಾಗಿ ತಣ್ಣಗಿನ ದೇಶದ ಮನೆಯಲ್ಲಿ ಒಂದೆರಡು ತಪ್ಪಿಸಿಕೊಂಡರೂ ಅಡುಗೆಮನೆಯಲ್ಲಿ ಸಂಸಾರ ಹೂಡೋದಿಲ್ಲ. ಷಿಕಾಗೊ ಸೇರಿದ ಇಲಿನಾಯ್‌ನಲ್ಲಿ ಸಾಕಲು ಅಡ್ಡಿಯಿಲ್ಲ. ಫ್ಲಾರಿಡಾ ರಾಜ್ಯ ಬೆಚ್ಚಗಿನ ಊರು, ಅಲ್ಲಿ ಇದು ಹೊರಗೂ ಬದುಕಿಬಿಡಬಹುದು ಅನ್ನೋ ಕಾರಣಕ್ಕೆ ನಿಷೇಧ ಇದೆ. ಅಲ್ಲಿಯವರು ಡಿಸ್ಕಾಯ್ಡ್ ಅನ್ನುವ ಬೇರೆ ಜಾತಿ ಸಾಕುತ್ತಾರೆ. ಅಮ್ಮ ಒಂದು ಷರತ್ತು ಹಾಕಿದರು: ಡಬ್ಬ ಮಗನ ಕೋಣೆಯ ಬಟ್ಟೆ ಕಪಾಟು ಬಿಟ್ಟು ಆಚೆ ಬರಬಾರದು.

ಹುಳು ಹೆಚ್ಚಲಿಲ್ಲ

ಫೆಬ್ರವರಿಯಲ್ಲಿ ಸಣ್ಣ-ದೊಡ್ಡ ಎಲ್ಲ ಸೇರಿ ಸುಮಾರು 150 ಹುಳು ತರಿಸಿದರು. ಮೇ ತಿಂಗಳಲ್ಲಿ ನನ್ನನ್ನು ಕರೆದಾಗ 40 ಕೂಡ ಉಳಿದಿರಲಿಲ್ಲ. ಮರಿ ಒಂದೂ ಇರಲಿಲ್ಲ. "ಆಂಟಿ, ಗಂಡು ಹೆಣ್ಣು ಎರಡೂ ಇವೆ. ಆದ್ರೂ ಯಾಕೆ ಮರಿ ಹಾಕ್ತಿಲ್ಲ?" ಅಂತ ಹುಡುಗ ಸಪ್ಪೆ ಮುಖದಲ್ಲಿ ಕೇಳಿದ.

ಕಪಾಟಿನೊಳಗೆ ಕೈಯಿಟ್ಟರೇ ಅರ್ಧ ಉತ್ತರ ಸಿಗುತ್ತಿತ್ತು. ಮನೆಯ ಹೀಟರ್ 70 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟಿದ್ದರು, ಅಂದ್ರೆ 21 ಸೆಲ್ಸಿಯಸ್. ಮನುಷ್ಯರಿಗೆ ಹಿತ, ಡ್ಯೂಬಿಯಾಗೆ ಚಳಿ. ಅಷ್ಟರಲ್ಲಿ ಅವು ಬದುಕುತ್ತವೆ, ಸಂತಾನ ನಡೆಯೋದಿಲ್ಲ. ಮರಿ ಬೇಕಿದ್ದರೆ ಡಬ್ಬದ ಒಂದು ಬದಿಯಾದರೂ 30ರಿಂದ 33 ಡಿಗ್ರಿ ಇರಬೇಕು.

ಇನ್ನರ್ಧ ಉತ್ತರ ಮೇವು ಆರಿಸುವ ರೀತಿಯಲ್ಲಿತ್ತು. ಗೋಸುಂಬೆಗೆ ಯಾವ ಹುಳು ಕೊಡ್ತೀಯ ಅಂತ ಕೇಳಿದೆ. ದಪ್ಪಗಿರೋದನ್ನ, ಇಲ್ಲಾಂದ್ರೆ ಆಗತಾನೇ ಪೊರೆ ಬಿಟ್ಟು ಬೆಳ್ಳಗೆ ಮೆತ್ತಗಿರೋದನ್ನ ಅಂದ. ಗೋಸುಂಬೆ ಅದನ್ನು ಆಸೆಯಿಂದ ತಿನ್ನುತ್ತೆ ಅನ್ನೋದು ಸರಿ. ಆದರೆ ಡಬ್ಬದಲ್ಲಿ ದಪ್ಪಗಿರೋದು ಹೆಚ್ಚಾಗಿ ಹೆಣ್ಣೇ. ಕೊನೆಯ ಪೊರೆ ಬಿಟ್ಟ ಹೆಣ್ಣಂತೂ ಇನ್ನೇನು ತಾಯಿಯಾಗಬೇಕಾದದ್ದು. ನಾಲ್ಕಾರು ತಿಂಗಳು ಬೆಳೆದು, ಏಳು ಸಲ ಪೊರೆ ಬಿಟ್ಟು ಆ ಹಂತಕ್ಕೆ ಬಂದದ್ದನ್ನೇ ಆರಿಸಿ ಮೇವಿಗೆ ಹಾಕುತ್ತಿದ್ದರು. ಉಳಿದದ್ದರಲ್ಲಿ ಗಂಡೇ ಜಾಸ್ತಿ.

ಮೂರನೆಯ ಕಾರಣ ಡಬ್ಬದ ತಳದಲ್ಲಿ ಬಿದ್ದಿತ್ತು. ಒಣಗಿದ, ತಿಳಿ ಹಳದಿ ಬಣ್ಣದ, ಅಡ್ಡಡ್ಡ ಗೆರೆ ಇರುವ ಸಣ್ಣ ಸುರುಳಿಗಳು. ಇದು ಡ್ಯೂಬಿಯಾದ ಮೊಟ್ಟೆ ಚೀಲ. ಅಡುಗೆಮನೆ ಜಿರಳೆ ಹಾಗೆ ಇದು ಚೀಲವನ್ನು ಹೊರಗೆ ಅಂಟಿಸಿ ಹೋಗೋದಿಲ್ಲ, ಹೊಟ್ಟೆಯೊಳಗೇ ಇಟ್ಟುಕೊಂಡು ಮರಿ ಹಾಕುತ್ತೆ. ಚೀಲ ನೆಲಕ್ಕೆ ಬಿದ್ದಿದೆ ಅಂದ್ರೆ ಗರ್ಭ ಇಳಿದುಹೋಗಿದೆ ಅಂತ ಅರ್ಥ. ಚಳಿ ಒಂದು ಕಾರಣ. ಜೊತೆಗೆ ಹುಡುಗ ದಿನಾ ಶಾಲೆಯಿಂದ ಬಂದವನೇ, ಹುಳು ಅಡಗಲಿ ಅಂತ ಇಟ್ಟಿದ್ದ ಕೋಳಿಮೊಟ್ಟೆಯ ರಟ್ಟಿನ ಟ್ರೇಗಳನ್ನು ಎತ್ತಿ, ಕೊಡವಿ, ಮರಿ ಹುಡುಕುತ್ತಿದ್ದ. ಆ ಗಲಾಟೆಗೂ ಅವು ಚೀಲ ಉದುರಿಸುತ್ತವೆ.

ಮಾಡಿದ ಬದಲಾವಣೆ

ನಾನು ಮೊದಲು ಹೇಳಿದ್ದು ಒಂದೇ: ಮರಿಗಳು ಬೆಳೆದು ಮೇವಿನ ಗಾತ್ರಕ್ಕೆ ಬರುವವರೆಗೆ ಈ ಡಬ್ಬದಿಂದ ಒಂದು ಹುಳುವನ್ನೂ ಮೇವಿಗೆ ತೆಗೆಯಬೇಡ. ಇದು ಎಲ್ಲಕ್ಕಿಂತ ಕಷ್ಟದ ಭಾಗ. ದುಡ್ಡು ಉಳಿಸಲು ಶುರು ಮಾಡಿದ ಕೆಲಸಕ್ಕೆ ಇನ್ನೂ ಐದಾರು ತಿಂಗಳು ಹೊರಗಿನಿಂದಲೂ ಹುಳು ಕೊಳ್ಳಬೇಕು ಅಂದ್ರೆ ಯಾವ ಅಪ್ಪನಿಗೆ ಇಷ್ಟ ಆಗುತ್ತೆ? ಆದರೂ ಅವರು ಒಪ್ಪಿದರು. ಬೆಳೆದ ಹೆಣ್ಣು 20, ಗಂಡು 5 ಹೊಸದಾಗಿ ತರಿಸಿದರು. ಹಳೆಯ ಹುಳುಗಳನ್ನೂ ಅದೇ ಡಬ್ಬಕ್ಕೆ ಸೇರಿಸಿದೆವು.

ಪಾರದರ್ಶಕ ಡಬ್ಬದ ಬದಲು ಒಳಗೆ ಬೆಳಕು ಹೋಗದ ಕಪ್ಪು ಡಬ್ಬ ಬಂತು. ಮೊಟ್ಟೆ ಟ್ರೇಗಳನ್ನು ಮಲಗಿಸುವ ಬದಲು ನಿಲ್ಲಿಸಿದೆವು. ಆಗ ಹಿಕ್ಕೆ ಕೆಳಗೆ ಉದುರುತ್ತೆ, ಹುಳು ತನಗೆ ಬೇಕಾದ ಬಿಸಿ ಹುಡುಕಿಕೊಂಡು ಮೇಲೆ ಕೆಳಗೆ ಓಡಾಡುತ್ತೆ. ಹೀಟ್ ಮ್ಯಾಟನ್ನು ಡಬ್ಬದ ಒಂದು ಪಕ್ಕಕ್ಕೆ ಹಚ್ಚಿ, ಬಿಸಿ ಮಿತಿ ಮುಟ್ಟಿದಾಗ ತಾನೇ ಆರಿಸುವ ಥರ್ಮೋಸ್ಟ್ಯಾಟ್‌ಗೆ ಜೋಡಿಸಿದೆವು. ಥರ್ಮೋಸ್ಟ್ಯಾಟ್ ಇಲ್ಲದೆ ಹೀಟ್ ಮ್ಯಾಟ್ ಹಾಕಲೇಬಾರದು. ಹುಳು ಬೇಯುವುದು ಹಾಗಿರಲಿ, ಬೆಂಕಿ ಹತ್ತಿಕೊಂಡೀತು. ಇನ್ನೊಂದು ಬದಿ 24-25 ಡಿಗ್ರಿ ಇರುವಂತೆ ಬಿಟ್ಟೆವು. ಮುಚ್ಚಳದಲ್ಲಿ ಕಿಟಕಿ ಕೊರೆದು ಲೋಹದ ಸಣ್ಣ ಜಾಲರಿ ಕೂರಿಸಿದೆವು. ನೀರಿಗೆ ಬಟ್ಟಲು ಬೇಡ, ಮರಿ ಮುಳುಗಿ ಸಾಯುತ್ತವೆ. ಕ್ಯಾರೆಟ್, ಕಿತ್ತಳೆ, ಸಿಹಿಗೆಣಸು ಇಟ್ಟರೆ ಅದರಿಂದಲೇ ನೀರು ಕುಡಿಯುತ್ತವೆ.

ಟ್ರೇ ಎತ್ತಿ ನೋಡಬಾರದು ಅಂತ ಹುಡುಗನ ಹತ್ತಿರ ಮಾತು ತೆಗೆದುಕೊಂಡೆ. ಮಾತು ಉಳಿಸಿಕೊಂಡ.

ಜುಲೈ ಕೊನೆಯಲ್ಲಿ ಒಂದು ರಾತ್ರಿ ಫೋನ್ ಮಾಡಿದ. ಮರುದಿನ ಹೋಗಿ ನೋಡಿದೆ. ಟಾರ್ಚ್ ಬೆಳಕಲ್ಲಿ ಒಂದು ಹೆಣ್ಣು ಟ್ರೇಯ ಮಡಿಕೆಯಲ್ಲಿ ಅಲುಗಾಡದೆ ನಿಂತಿತ್ತು. ಅದರ ಹಿಂದಿನಿಂದ ಚೀಲ ಅರ್ಧ ಹೊರಗೆ ಬಂದಿತ್ತು. ಚೀಲದಿಂದ ಅಕ್ಕಿ ಕಾಳಿಗಿಂತ ಸಣ್ಣ ಬಿಳಿ ಮರಿಗಳು ಒಂದೊಂದಾಗಿ ಬಿಡಿಸಿಕೊಂಡು ಬರುತ್ತಿದ್ದವು. ಕಣ್ಣು ಮಾತ್ರ ಕಪ್ಪು. ಮೊದಲು ಬಂದವು ಆಗಲೇ ಅಂಚಿನಲ್ಲಿ ಬೂದು ಬಣ್ಣಕ್ಕೆ ತಿರುಗಿದ್ದವು. ಎರಡು ಡಜನ್‌ಗಿಂತ ಜಾಸ್ತಿಯೇ ಇರಬೇಕು. ಜಿರಳೆ ಕಂಡರೆ ಆಗದ ಅಮ್ಮನೂ ಬಾಗಿ ನೋಡಿದರು.

ಹೆಚ್ಚಿದ ಮೇಲೆ

ಇಲ್ಲಿಂದ ಪ್ರಕರಣದ ಮುಖ್ಯ ಭಾಗ.

ಆಗಸ್ಟ್‌ನಲ್ಲಿ ಹುಡುಗನಿಗೆ ಯಾರೋ ಒಬ್ಬರು ನಾಯಿ ಬಿಸ್ಕತ್ತಿನ ಪುಡಿ ಕೊಡಲು ಹೇಳಿದರು. ಪ್ರೋಟೀನ್ ಜಾಸ್ತಿ ಇದ್ದರೆ ಮರಿ ಬೇಗ ಬೆಳೆಯುತ್ತವೆ ಅಂತ. ಬೆಳೆದವು, ಸುಳ್ಳಲ್ಲ. ಆದರೆ ಜಿರಳೆ ತನಗೆ ಮೀರಿದ ಪ್ರೋಟೀನಿನ ಸಾರಜನಕವನ್ನು ಯೂರಿಕ್ ಆಮ್ಲದ ಉಪ್ಪಾಗಿ ಮೈಯ ಕೊಬ್ಬಿನಲ್ಲೇ ಕೂಡಿಡುತ್ತೆ. ಅಂಥ ಹುಳುವನ್ನು ಗೋಸುಂಬೆ ತಿಂದರೆ ಆ ಹೊರೆಯೆಲ್ಲ ಅದರ ಮೂತ್ರಪಿಂಡದ ಮೇಲೆ ಬೀಳುತ್ತೆ. ಯೂರಿಕ್ ಆಮ್ಲ ಕೀಲುಗಳಲ್ಲಿ, ಒಳಗಿನ ಅಂಗಗಳಲ್ಲಿ ಗಟ್ಟಿಯಾಗಿ ಕೂರುವುದಕ್ಕೆ ಗೌಟ್ ಅನ್ನುತ್ತಾರೆ. ಸರೀಸೃಪಗಳಿಗೆ ಅದು ಕೆಟ್ಟ ಕಾಯಿಲೆ, ಬಂದರೆ ವಾಪಸ್ ಹೋಗೋದು ಕಷ್ಟ. ಹಾಗಾಗಿ ಅನುಭವ ಇರುವವರು ನಾಯಿ, ಬೆಕ್ಕಿನ ಆಹಾರವನ್ನು ಮೇವಿನ ಜಿರಳೆಗೆ ಕೊಡೋದಿಲ್ಲ. ಧಾನ್ಯದ ಪುಡಿ, ಕುಂಬಳಕಾಯಿ, ಪಪಾಯ, ಸಾಸಿವೆ ಸೊಪ್ಪು, ಕಾಲರ್ಡ್ ಸೊಪ್ಪು ಸಾಕು. ಜಿರಳೆ ತಿಂದದ್ದೇ ಕೊನೆಗೆ ಗೋಸುಂಬೆಯ ಊಟ. ಅಲ್ವಾ?

ನನಗೆ ಈ ವಿಷಯ ಗೊತ್ತಾದದ್ದು ಡಬ್ಬದಲ್ಲಿ ನುಸಿ ಕಾಣಿಸಿಕೊಂಡ ಮೇಲೆ. ನೆಂದ ಬಿಸ್ಕತ್ತಿನ ಮೇಲೆ ತಿಳಿ ಕಂದು ಬಣ್ಣದ ಹಿಟ್ಟು ಉದುರಿದಂತೆ ಕಾಣುತ್ತಿತ್ತು. ಕಣ್ಣು ಹತ್ತಿರ ಹಿಡಿದು ನೋಡಿದರೆ ಆ ಹಿಟ್ಟು ಹರಿದಾಡುತ್ತಿತ್ತು. ಧಾನ್ಯದ ನುಸಿ. ಮುಚ್ಚಳ ತೆಗೆದರೆ ಅಮೋನಿಯಾದ ಘಾಟು. ಟ್ರೇಗಳನ್ನೆಲ್ಲ ಬದಲಾಯಿಸಿ, ಡಬ್ಬ ಒಣಗಿಸಿ, ಹಸಿ ತರಕಾರಿಯನ್ನು ಮರುದಿನವೇ ತೆಗೆಯುವ ಪದ್ಧತಿ ಮಾಡಿದ ಮೇಲೆ ನುಸಿ ಹೋಯಿತು. ಕಸ ತಿನ್ನಲಿ ಅಂತ ಡರ್ಮೆಸ್ಟಿಡ್ ದುಂಬಿ ಬಿಡುವವರಿದ್ದಾರೆ. ನಾನು ಬೇಡ ಅಂದೆ. ಅದರ ಮರಿಹುಳುವಿನ ಮೈಕೂದಲು ಉದುರಿ ಕೆಲವರಿಗೆ ಅಲರ್ಜಿ ತರುತ್ತೆ.

ಸೆಪ್ಟೆಂಬರ್‌ನಲ್ಲಿ ಅಜ್ಜಿ ಬಂದರು. ತಂದೆಯ ತಾಯಿ, ರಾಮನಗರದ ಕಡೆಯವರು. ಆರು ತಿಂಗಳು ಇರಲು ಬಂದಿದ್ದರು. ಮೊದಲ ದಿನವೇ ಕಪಾಟು ನೋಡಿ, "ಅಯ್ಯೋ ಮರಿ, ನಾವು ಓಡ್ಸೋ ಹುಳಾನ ನೀನು ಸಾಕ್ತೀಯಲ್ಲೋ" ಅಂದರಂತೆ. ಆದರೆ ಅಜ್ಜಿ ಮದುವೆಯಾಗಿ ಬಂದ ಕಾಲದಿಂದ ರೇಷ್ಮೆ ಹುಳು ಸಾಕಿದವರು. ನಾಲ್ಕು ದಿನ ಕಳೆಯುವಷ್ಟರಲ್ಲಿ ಡಬ್ಬದ ಮುಂದೆ ಕುರ್ಚಿ ಹಾಕಿಕೊಂಡು ಮೊಮ್ಮಗನಿಗೆ ಪಾಠ ಹೇಳತೊಡಗಿದ್ದರು. "ಜ್ವರಕ್ಕೆ ಕೂತಿರೋ ಹುಳಾನ ಮುಟ್ಬೇಡ ಕಣೋ, ಕೆಟ್ಟೋಗ್ತವೆ." ಹುಳು ಪೊರೆ ಬಿಡುವ ಹೊತ್ತಿಗೆ ರೇಷ್ಮೆ ಸಾಕುವವರು ಜ್ವರ ಅನ್ನುತ್ತಾರೆ. ಆಗ ಅಲುಗಾಡಿಸಬಾರದು ಅನ್ನೋದು ಜಿರಳೆಗೂ ಅಷ್ಟೇ ನಿಜ. ಅಂಗಡಿಯಿಂದ ತಂದ ಸೊಪ್ಪನ್ನು ತೊಳೆಯದೆ ಹಾಕಲು ಹೊರಟಾಗ ಅಜ್ಜಿಯೇ ತಡೆದರು. ಪಕ್ಕದ ಹೊಲದಲ್ಲಿ ಔಷಧಿ ಹೊಡೆದ ಗಾಳಿ ಹಿಪ್ಪುನೇರಳೆಗೆ ತಾಗಿ ಇಡೀ ಬೆಳೆ ಹೋದದ್ದನ್ನು ನೋಡಿದವರು ಅವರು.

ಅಜ್ಜಿಯಿಂದ ಇನ್ನೊಂದು ಒಳ್ಳೆಯದಾಯಿತು. ಷಿಕಾಗೊ ಸುತ್ತಮುತ್ತ ಬಿಳಿ ಹಿಪ್ಪುನೇರಳೆ ಕಳೆಯಂತೆ ಬೇಲಿ ಬದಿಯಲ್ಲೆಲ್ಲ ಬೆಳೆದುನಿಂತಿರುತ್ತೆ. ನಡೆದಾಡಲು ಹೋದಾಗ ಅಜ್ಜಿ ಎಲೆ ನೋಡಿಯೇ ಗುರುತು ಹಿಡಿದರು. ರೇಷ್ಮೆ ಹುಳು ಗೋಸುಂಬೆಗೆ ಬಹಳ ಒಳ್ಳೆಯ ಮೇವು. ಮೈ ಮೆತ್ತಗೆ, ನೀರಿನ ಅಂಶ ಜಾಸ್ತಿ, ಕೊಬ್ಬು ಕಡಿಮೆ. ಮೊಟ್ಟೆ ತರಿಸಿ, ಹಿಮ ಬೀಳುವ ಮೊದಲು ಅಜ್ಜಿ-ಮೊಮ್ಮಗ ಒಂದು ಸಣ್ಣ ಬೆಳೆ ತೆಗೆದರು. ಹುಳು ದಪ್ಪವಾಗುತ್ತಿದ್ದಂತೆ ಗೋಸುಂಬೆಗೆ ಹಾಕಿದರು.

ಆದರೆ ಅಕ್ಟೋಬರ್ ಹೊತ್ತಿಗೆ ಜಿರಳೆ ಡಬ್ಬ ಎರಡಾಗಿತ್ತು. ಸಣ್ಣ ದೊಡ್ಡ ಎಲ್ಲ ಲೆಕ್ಕ ಹಾಕಿದರೆ ಸಾವಿರದ ಹತ್ತಿರ. ಹುಡುಗನಿಗೆ ಹೆಮ್ಮೆ. ಕೈತುಂಬ ಹುಳು ಇದ್ದ ಮೇಲೆ ಗೋಸುಂಬೆಗೆ ಕೊಡಲು ಕೈ ಹಿಡಿಯುತ್ತಾ? ದಿನಕ್ಕೆ ಎಂಟು, ಹತ್ತು ದೊಡ್ಡ ಹುಳು ಹಾಕುತ್ತಿದ್ದ. ವೇಲ್ಡ್ ಗೋಸುಂಬೆ ಕೊಟ್ಟಷ್ಟೂ ತಿನ್ನುತ್ತೆ, ಸಾಕು ಅನ್ನೋದಿಲ್ಲ.

ಈ ಜಾತಿಯ ಹೆಣ್ಣು ಗಂಡಿನ ಸಂಗ ಇಲ್ಲದೆಯೂ ಮೊಟ್ಟೆ ಕಟ್ಟುತ್ತೆ. ಜಾಸ್ತಿ ಊಟ, ಜಾಸ್ತಿ ಬಿಸಿ ಸಿಕ್ಕಷ್ಟೂ ಮೊಟ್ಟೆಯ ಸಂಖ್ಯೆ ಏರುತ್ತೆ. ಬೇಸಿಗೆಯಲ್ಲಿ ಮೊದಲ ಸಲ 30ರೊಳಗೆ ಇಟ್ಟು ಸಲೀಸಾಗಿ ಎದ್ದಿತ್ತು. ನವೆಂಬರ್‌ನಲ್ಲಿ ಹೊಟ್ಟೆ ಎರಡೂ ಕಡೆ ಉಬ್ಬಿ, ಊಟ ಬಿಟ್ಟು, ಗೂಡಿನ ತಳದಲ್ಲಿ ಅತ್ತಿತ್ತ ಓಡಾಡತೊಡಗಿತು. ವೈದ್ಯರು ಎಕ್ಸ್‌ರೇ ತೆಗೆದಾಗ ಹೊಟ್ಟೆ ಪೂರ್ತಿ ಮೊಟ್ಟೆ. ಒದ್ದೆ ಮರಳು ತುಂಬಿದ ಆಳದ ಬಕೆಟ್ ಇಟ್ಟು, ಗೂಡಿಗೆ ಬಟ್ಟೆ ಮುಚ್ಚಿ, ಯಾರೂ ಹತ್ತಿರ ಹೋಗದೆ ಕಾದರು. ಬಿಲ ತೋಡಿ 60ಕ್ಕೂ ಹೆಚ್ಚು ಮೊಟ್ಟೆ ಇಟ್ಟಿತು. ಆಮೇಲೆ ಕೆಲವು ದಿನ ಕೊಂಬೆ ಹಿಡಿಯುವ ಶಕ್ತಿಯೂ ಇರಲಿಲ್ಲ. ಮೊಟ್ಟೆಚಿಪ್ಪಿಗೆ ಮೈಯ ಕ್ಯಾಲ್ಸಿಯಂ ಎಲ್ಲ ಹೋಗಿತ್ತು. ಜಿರಳೆಯಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಹುಳುವಿಗೆ ಕ್ಯಾಲ್ಸಿಯಂ ಪುಡಿ ಸವರದೆ ಕೊಟ್ಟರೆ ಎಷ್ಟು ತಿಂದರೂ ಆ ಕೊರತೆ ತುಂಬೋದಿಲ್ಲ. ಅವಸರದಲ್ಲಿ ಹುಡುಗ ಎಷ್ಟೋ ದಿನ ಪುಡಿ ಸವರಿರಲಿಲ್ಲ.

ಗೋಸುಂಬೆ ಉಳಿಯಿತು. ವೈದ್ಯರು ದಿನ ಬಿಟ್ಟು ದಿನ ಮೂರು ನಾಲ್ಕು ಹುಳು ಮಾತ್ರ ಅಂದರು. ಬಿಸಿಲು ಕಾಯಿಸುವ ದೀಪದ ಕೆಳಗಿನ ಬಿಸಿಯನ್ನು 27-28 ಡಿಗ್ರಿಗೆ ಇಳಿಸಲು ಹೇಳಿದರು. ಕ್ಯಾಲ್ಸಿಯಂ ಪ್ರತಿ ಊಟಕ್ಕೆ, ಡಿ3 ಇರುವ ವಿಟಮಿನ್ ಪುಡಿ ಎರಡು ವಾರಕ್ಕೊಮ್ಮೆ.

ಅಜ್ಜಿಯ ಕೆಮ್ಮು

ಅದೇ ಹೊತ್ತಿಗೆ ಅಜ್ಜಿಗೆ ಕೆಮ್ಮು ಹಿಡಿಯಿತು. ಮೊದಲು ಚಳಿಗೆ ಅಂದುಕೊಂಡರು. ಆಮೇಲೆ ರಾತ್ರಿ ಉಸಿರು ಎಳೆಯುವಾಗ ಸುಂಯ್ ಸುಂಯ್ ಸದ್ದು. ಅಜ್ಜಿ ಮಲಗುತ್ತಿದ್ದದ್ದು ಹುಡುಗನ ಕೋಣೆಯ ಪಕ್ಕದ ಕೋಣೆಯಲ್ಲಿ. ಚಳಿಗಾಲ, ಕಿಟಕಿಗಳೆಲ್ಲ ಮುಚ್ಚಿದ್ದವು. ಮನೆಯ ಹೀಟರ್ ಒಂದು ಕೋಣೆಯ ಗಾಳಿ ಎಳೆದು ಬಿಸಿ ಮಾಡಿ ಎಲ್ಲ ಕೋಣೆಗೂ ಊದುತ್ತಿತ್ತು. ಹುಡುಗ ಪ್ರತಿ ಭಾನುವಾರ ಕೋಣೆಯಲ್ಲೇ ಹಿಕ್ಕೆ ಜರಡಿ ಹಿಡಿಯುತ್ತಿದ್ದ.

ಗುಟ್ಟು ಹಿಡಿದವರು ಅಜ್ಜಿಯೇ. "ಗೂಡು ಬಿಡ್ಸೋ ದಿನ ಹುಳದ ಮನೇಲಿ ಹಿಂಗೇ ಕೆಮ್ಮು ಬರ್ತಿತ್ತು ನಂಗೆ. ಭಾನುವಾರ ಬಂದ್ರೆ ಜಾಸ್ತಿ ಆಗ್ತದೆ ನೋಡು" ಅಂದರು. ಸೊಸೆ ಆ ಮಾತನ್ನು ಹಾಗೇ ಬಿಡಲಿಲ್ಲ, ವೈದ್ಯರಿಗೆ ಹೇಳಿದರು. ರಕ್ತ ಪರೀಕ್ಷೆಯಲ್ಲಿ ಜಿರಳೆ ಅಲರ್ಜಿ ಇರುವುದು ಕಂಡಿತು. ಜಿರಳೆಯ ಹಿಕ್ಕೆ, ಎಂಜಲು, ಬಿಟ್ಟ ಪೊರೆ ಇವೆಲ್ಲ ಒಣಗಿ ಸಣ್ಣ ದೂಳಾಗಿ ಗಾಳಿಗೆ ಸೇರುತ್ತವೆ. ಆಸ್ತಮಾ ಇರುವವರಿಗೆ ಅದು ಕೆರಳಿಸುವ ವಸ್ತು. ಅಡುಗೆಮನೆ ಜಿರಳೆಗೂ ಡ್ಯೂಬಿಯಾಗೂ ಹೋಲುವ ಪ್ರೋಟೀನುಗಳಿವೆ. ಒಂದು ಆಗದವರಿಗೆ ಇನ್ನೊಂದೂ ಆಗದಿರಬಹುದು. ಊರಲ್ಲಿದ್ದಾಗ ಅಜ್ಜಿಗೆ ಉಬ್ಬಸ ಇತ್ತು ಅನ್ನೋದು ಮನೆಯವರಿಗೆ ಗೊತ್ತಿತ್ತು. ಜಿರಳೆ ಡಬ್ಬಕ್ಕೂ ಅದಕ್ಕೂ ಸಂಬಂಧ ಇರಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಅವರು ಮಾಡಿಸಿದ್ದ ಪ್ರವಾಸಿ ವಿಮೆ ಹಳೆಯ ಕಾಯಿಲೆಗೆ ಅನ್ವಯಿಸುತ್ತಿರಲಿಲ್ಲ, ಖರ್ಚೆಲ್ಲ ಕೈಯಿಂದಲೇ.

ಅಮ್ಮ ನನಗೆ ಫೋನ್ ಮಾಡಿದರು. "ಅಕ್ಕಾ, ಎಲ್ಲ ಎತ್ತಿ ಎಸೆದುಬಿಡೋಣ ಅನ್ನಿಸ್ತಿದೆ. ಅತ್ತೆ ಉಸಿರಿಗಿಂತ ಇದು ಹೆಚ್ಚಾ?" ಅವರ ಮಾತು ನೂರಕ್ಕೆ ನೂರು ಸರಿ. ಇವತ್ತೇ ಡಬ್ಬ ಮನೆಯಿಂದ ಆಚೆ ಹೋಗಲಿ ಅಂದೆ. ಎಲ್ಲಿಗೆ ಅನ್ನೋದು ಮಾತ್ರ ಪ್ರಶ್ನೆಯಾಗಿತ್ತು. ಹುಡುಗ ಅಳುತ್ತಿದ್ದ. ಅಜ್ಜಿ ತಮ್ಮಿಂದ ಹೀಗಾಯಿತು ಅಂತ ಮುದುಡಿ ಕೂತಿದ್ದರು. ಕೊನೆಗೆ ಅಪ್ಪ ಗ್ಯಾರೇಜ್ ಅಂದರು. ಅಲ್ಲಿಗೆ ಹೀಟರಿನ ಗಾಳಿ ಕೊಳವೆ ಇಲ್ಲ. ಆದರೆ ಷಿಕಾಗೊ ಡಿಸೆಂಬರಿನ ಗ್ಯಾರೇಜ್ ಹೆಪ್ಪುಗಟ್ಟುವ ಜಾಗ. ದಪ್ಪ ಥರ್ಮಾಕೋಲ್ ಹಲಗೆಯಲ್ಲಿ ಪೆಟ್ಟಿಗೆ ಕಟ್ಟಿ, ಹೀಟ್ ಮ್ಯಾಟ್, ಥರ್ಮೋಸ್ಟ್ಯಾಟ್ ಜೊತೆ ಡಬ್ಬ ಒಳಗಿಟ್ಟರು. ಹುಡುಗನ ಕೋಣೆಯನ್ನು, ತೀರಾ ಸಣ್ಣ ದೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್‌ನಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಹೀಟರಿನ ಫಿಲ್ಟರ್ ಬದಲಿಸಿದರು. ವೈದ್ಯರು ಇನ್ಹೇಲರ್ ಕೊಟ್ಟರು. ಕೆಲವು ವಾರಗಳಲ್ಲಿ ಅಜ್ಜಿಗೆ ರಾತ್ರಿ ನಿದ್ದೆ ಬರತೊಡಗಿತು. ಔಷಧಿಯ ಪಾಲೂ ಇದೆ, ದೂಳು ದೂರವಾದದ್ದೂ ಇದೆ.

ಗ್ಯಾರೇಜ್ ಏರ್ಪಾಡು ಜನವರಿವರೆಗೆ ನಡೆಯಿತು. ಒಂದು ರಾತ್ರಿ ಹೊರಗೆ ಮೈನಸ್ 20ರ ಹತ್ತಿರ. ಗ್ಯಾರೇಜಿನ ಪ್ಲಗ್ಗಿನ ಸುರಕ್ಷಾ ಸ್ವಿಚ್ ಟ್ರಿಪ್ ಆಯಿತು. ಬೆಳಿಗ್ಗೆ ನೋಡುವಷ್ಟರಲ್ಲಿ ಸಣ್ಣ ಮರಿಗಳೆಲ್ಲ ಸತ್ತಿದ್ದವು, ದೊಡ್ಡವೂ ಅರ್ಧಕ್ಕರ್ಧ. ಉಳಿದವು ಕಾಲು ಮಡಚಿಕೊಂಡು ಮರಗಟ್ಟಿದ್ದವು. ಬೆಚ್ಚಗಾದ ಮೇಲೆ ಒಂದೊಂದಾಗಿ ಎದ್ದವು.

ಹುಡುಗ ಮತ್ತೆ ಸಾವಿರಕ್ಕೆ ಏರಿಸೋಣ ಅಂತ ಕೇಳಲಿಲ್ಲ. "ಆಂಟಿ, ನಮಗೆ ನಿಜವಾಗ್ಲೂ ಎಷ್ಟು ಬೇಕು?" ಅಂತ ಕೇಳಿದ. ಇಡೀ ಪ್ರಕರಣದಲ್ಲಿ ನನಗೆ ತುಂಬ ಖುಷಿ ಕೊಟ್ಟ ಗಳಿಗೆ ಅದು.

ಲೆಕ್ಕ

ಕೂತು ಲೆಕ್ಕ ಹಾಕಿದೆವು. ದೊಡ್ಡ ಹೆಣ್ಣು ಗೋಸುಂಬೆಗೆ ದಿನ ಬಿಟ್ಟು ದಿನ ಮೂರು ನಾಲ್ಕು ಹುಳು. ವಾರಕ್ಕೆ ಹೆಚ್ಚೆಂದರೆ 14. ಅದರಲ್ಲಿ ಅರ್ಧವಾದರೂ ಬೇರೆ ಬೇರೆ ಹುಳು ಇರಬೇಕು. ರೇಷ್ಮೆ ಹುಳು, ಕ್ಯಾಲ್ಸಿಯಂ ಜಾಸ್ತಿ ಇರುವ ಬ್ಲ್ಯಾಕ್ ಸೋಲ್ಜರ್ ನೊಣದ ಮರಿ, ಆಗೊಮ್ಮೆ ಈಗೊಮ್ಮೆ ಕ್ರಿಕೆಟ್. ಒಂದೇ ಹುಳು ಕೊಡುತ್ತಾ ಹೋದರೆ ಗೋಸುಂಬೆ ಬೇಸತ್ತು ಊಟ ಬಿಡುತ್ತೆ. ಡ್ಯೂಬಿಯಾ ಅಲುಗಾಡದೆ ಸತ್ತಂತೆ ಬಿದ್ದುಕೊಳ್ಳುವ ಹುಳು ಬೇರೆ, ಕಣ್ಣಿಗೆ ಬೀಳೋದೇ ಇಲ್ಲ. ಅಂದ್ರೆ ಜಿರಳೆ ತಿಂಗಳಿಗೆ 30 ಸಾಕು.

ಒಂದು ಹೆಣ್ಣು ಎರಡು ಎರಡೂವರೆ ತಿಂಗಳಿಗೊಮ್ಮೆ 25ರಷ್ಟು ಮರಿ ಹಾಕುತ್ತೆ ಅಂತ ಇಟ್ಟುಕೊಳ್ಳಿ. ಎಂಟು ಹೆಣ್ಣು ಇದ್ದರೆ ತಿಂಗಳಿಗೆ 80. ಸಾಯುವುದು, ಮುಂದಿನ ತಾಯಂದಿರಾಗಿ ಬಿಡಬೇಕಾದದ್ದು ಎಲ್ಲ ಕಳೆದರೂ ಬೇಕಾದ್ದಕ್ಕಿಂತ ಜಾಸ್ತಿಯೇ. 20 ಹೆಣ್ಣು ಇಟ್ಟುಕೊಳ್ಳಲು ಮೇ ತಿಂಗಳಲ್ಲಿ ಕಾರಣವಿತ್ತು, ಆಗ ಹುಳು ಹೆಚ್ಚುತ್ತಾ ಅನ್ನೋದೇ ಅನುಮಾನವಾಗಿತ್ತು. ಮರಿ ಬರತೊಡಗಿದ ಮೇಲೆ ಈ ಲೆಕ್ಕ ಹಾಕಿ ಇಳಿಸಬೇಕಿತ್ತು. ಆಗ ಯಾರೂ ಗೋಸುಂಬೆ ಕಡೆಯಿಂದ ಎಣಿಸಲಿಲ್ಲ, ಡಬ್ಬದ ಕಡೆಯಿಂದ ಎಣಿಸಿದರು. ಹುಳು ಎಷ್ಟಿದೆ ಅನ್ನೋದೇ ಸಾಧನೆಯಾಗಿ ಕಂಡಿತು. ಎರಡನೇ ಡಬ್ಬ, ಅದರ ಹಿಕ್ಕೆ, ಆ ದೂಳು, ಕೈಬಿಚ್ಚಿ ಹಾಕಿದ ಮೇವು, 60 ಮೊಟ್ಟೆ, ಎಲ್ಲಕ್ಕೂ ಬೇರು ಅಲ್ಲೇ ಇತ್ತು.

ಇನ್ನೊಂದು ತೀರ್ಮಾನ ಮೊದಲೇ ಆಗಬೇಕಿತ್ತು. ಜಿರಳೆ ಸಾಕುವ ಮೊದಲು ಮನೆಯಲ್ಲಿ ಯಾರಿಗೆ ಉಬ್ಬಸ, ಅಲರ್ಜಿ ಇದೆ ಅಂತ ಕೇಳಬೇಕು. ವರ್ಷಕ್ಕೊಮ್ಮೆ ಬಂದು ಇರುವವರನ್ನೂ ಸೇರಿಸಿ ಕೇಳಬೇಕು. ಯಾರಿಗೂ ಏನೂ ಇಲ್ಲದಿದ್ದರೂ ಮಲಗುವ ಕೋಣೆ ಇದಕ್ಕೆ ಜಾಗವಲ್ಲ. ವರ್ಷಗಟ್ಟಲೆ ಹುಳು ಸಾಕಿ ಆಮೇಲೆ ಅಲರ್ಜಿ ಶುರುವಾದವರಿದ್ದಾರೆ. ಹಿಕ್ಕೆ ತೆಗೆಯೋದು ಹೊರಗೆ, ಎನ್95 ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು. ವಾರ ವಾರ ತೆಗೆಯುವ ಅಗತ್ಯವೂ ಇಲ್ಲ. ಡಬ್ಬ ಒಣಗಿದ್ದರೆ ಎರಡು ತಿಂಗಳಿಗೊಮ್ಮೆ ಸಾಕು, ಹುಳುವಿಗೂ ನೆಮ್ಮದಿ. ಮಿಕ್ಕ ಹುಳುಗಳನ್ನು ಬೇರೆ ಸಾಕುವವರಿಗೆ ಕೊಡಬಹುದು, ಇಲ್ಲವೇ ಫ್ರೀಜರ್‌ನಲ್ಲಿಟ್ಟು ಕಸಕ್ಕೆ ಹಾಕಬೇಕು. ತೋಟಕ್ಕೆ ಬಿಡೋದು ಮಾತ್ರ ಯಾವ ಊರಲ್ಲೂ ಬೇಡ.

ಈಗ

ಉಳಿದ ಹುಳುಗಳನ್ನು ಆ ಜನವರಿಯಲ್ಲೇ ನನ್ನ ಮನೆಗೆ ತಂದೆ. ಅಜ್ಜಿ ಇರುವಷ್ಟು ದಿನ ಗೋಸುಂಬೆಗೆ ರೇಷ್ಮೆ ಹುಳು ಮತ್ತು ನೊಣದ ಮರಿ ಕೊಂಡು ತಂದರು. ಮಾರ್ಚ್‌ನಲ್ಲಿ ಅಜ್ಜಿ ಊರಿಗೆ ಹೋದ ಮೇಲೆ ಎಂಟು ಹೆಣ್ಣು, ಎರಡು ಗಂಡು, ಒಂದಿಷ್ಟು ಮರಿ ವಾಪಸ್ ಹೋದವು. ಈಗ ಡಬ್ಬ ಒಂದೇ. ಬೇಸ್‌ಮೆಂಟಿನಲ್ಲಿ ಗಾಳಿ ಕೊಳವೆ ಇಲ್ಲದ, ಬಾಗಿಲಿರುವ ಸಣ್ಣ ಕೋಣೆಯಲ್ಲಿದೆ. ಮೇವಿಗೆ ಗಂಡನ್ನೂ ನಡುಗಾತ್ರದ ಮರಿಗಳನ್ನೂ ಮಾತ್ರ ತೆಗೆಯುತ್ತಾರೆ. ಗೋಸುಂಬೆ ಮುಂದಿನ ಸಲ 28 ಮೊಟ್ಟೆ ಇಟ್ಟಿತು, ಮೂರನೇ ದಿನವೇ ಕೊಂಬೆ ಹತ್ತಿತು.

ಅಜ್ಜಿ ಮತ್ತೆ ಬರಲು ಟಿಕೆಟ್ ಆಗಿದೆ. ಅವರು ಬರುವ ಒಂದು ತಿಂಗಳ ಮೊದಲು ಡಬ್ಬ ನನ್ನ ಮನೆಗೆ ಬರುತ್ತೆ, ಅವರು ವಾಪಸ್ ಹೋಗುವವರೆಗೆ ಇಲ್ಲೇ ಇರುತ್ತೆ. ಆ ಕೋಣೆ ಗುಡಿಸಿ ಒರೆಸುವ ಕೆಲಸ, ಹೀಟರ್ ಫಿಲ್ಟರ್ ಬದಲಿಸುವ ಕೆಲಸ ಎಲ್ಲ ಹುಡುಗನದ್ದು. ಅಜ್ಜಿ ಈ ಸಲ ಮೇ ತಿಂಗಳಲ್ಲೇ ಬರುತ್ತಿದ್ದಾರೆ, ಹಿಪ್ಪುನೇರಳೆ ಚಿಗುರುವ ಹೊತ್ತಿಗೆ. ರೇಷ್ಮೆ ಹುಳುವನ್ನು ಮನೆಯಿಂದ ದೂರ, ಅಂಗಳದ ಶೆಡ್‌ನಲ್ಲಿ ಸಾಕಬೇಕು, ಗೂಡು ಕಟ್ಟುವ ಮೊದಲೇ ಮೇವಿಗೆ ಮುಗಿಸಬೇಕು, ಸೊಪ್ಪು ಹಾಕುವ ಕೆಲಸ ಮೊಮ್ಮಗನದ್ದು ಅಂತ ವೈದ್ಯರನ್ನು ಕೇಳಿಯೇ ತೀರ್ಮಾನ ಮಾಡಿದ್ದಾರೆ. ಮೊಟ್ಟೆಗೆ ಈಗಾಗಲೇ ಹೇಳಿಯಾಗಿದೆ.